ವೈನ್ ಕುಡಿಯೋಕೆ ನಿಜಕ್ಕೂ ಎಷ್ಟು ಗೊತ್ತಿರಬೇಕು?

ಹೊಸಬ:
ವೈನ್ ಬಗ್ಗೆ ಹುಡುಕಿದರೆ ಎರಡೇ ಥರದ ಬರಹ ಸಿಗುತ್ತೆ. ಒಂದು, ‘ಒದ್ದೆ ಕಲ್ಲಿನ ಪರಿಮಳ, ತಂಬಾಕಿನ ಎಳೆ’ ಅಂತ ಕವನ. ಇನ್ನೊಂದು, ‘ನಿಮಗೆ ಇಷ್ಟವಾದದ್ದೇ ಒಳ್ಳೇ ವೈನ್’ ಅಂತ ಕೈತೊಳೆದುಕೊಳ್ಳೋದು. ಎರಡರಿಂದಲೂ ಗ್ಲಾಸಿನಲ್ಲಿರೋದಕ್ಕೆ ಒಂದು ಚೂರೂ ರುಚಿ ಹೆಚ್ಚಲ್ಲ. ಯಾವುದು ರುಚಿಯನ್ನ ನಿಜವಾಗಿ ಬದಲಾಯಿಸುತ್ತೆ, ಯಾವುದು ಬರೀ ತೋರಿಕೆ? ತಿಳಿದವರು ಡಿಗ್ರಿ, ನಿಮಿಷ, ಅಳತೆ ಲೆಕ್ಕದಲ್ಲಿ ಹೇಳ್ತೀರಾ?

ಬಿರಡೆ:
ಮೊದಲನೇದು ತಣ್ಣಗಿರೋದು. ಉಳಿದದ್ದೆಲ್ಲ ಇದರ ಆಮೇಲೆ. ಸಾಧಾರಣ ವೈನನ್ನ ಸರಿಯಾದ ತಂಪಿನಲ್ಲಿ ಕೊಟ್ಟರೆ ಚೆನ್ನಾಗಿರುತ್ತೆ. ಒಳ್ಳೇ ವೈನನ್ನ 28 ಡಿಗ್ರಿಯಲ್ಲಿ ಕೊಟ್ಟರೆ ಕೆಮ್ಮಿನ ಔಷಧಿ ಕುಡಿದ ಹಾಗಾಗುತ್ತೆ.

ಗುಳ್ಳೆ ಏಳೋ ಸ್ಪಾರ್ಕ್ಲಿಂಗ್‌ಗೆ 6ರಿಂದ 8 ಡಿಗ್ರಿ ಸೆಲ್ಸಿಯಸ್. ಸೋವಿನ್ಯೋ ಬ್ಲಾಂಕ್ ಥರದ ಹಗುರ ವೈಟ್‌ಗೆ 7ರಿಂದ 10. ಓಕ್ ಮರದ ಪೀಪಾಯಿಯಲ್ಲಿ ಮಾಗಿದ ಶಾರ್ಡೊನೆ ಥರದ ವೈಟ್‌ಗೆ 10ರಿಂದ 13. ಗಮೆ, ಪಿನೋ ನ್ವಾರ್ ಥರದ ತೆಳು ರೆಡ್‌ಗೆ 12ರಿಂದ 14. ಕ್ಯಾಬರ್ನೆ, ಶಿರಾಜ್ ಥರದ ಗಟ್ಟಿ ರೆಡ್‌ಗೆ 15ರಿಂದ 18. ‘ರೆಡ್ ವೈನನ್ನ ರೂಮ್ ಟೆಂಪರೇಚರ್‌ನಲ್ಲಿ ಕುಡೀಬೇಕು’ ಅನ್ನೋ ಮಾತು ಹುಟ್ಟಿದ್ದು ಯುರೋಪಿನ ಹಳೇ ಕಾಲದ ತಣ್ಣನೆ ಮನೆಗಳಲ್ಲಿ. ಆ ಕೋಣೆಯ ತಾಪ 18 ದಾಟುತ್ತಿದ್ದದ್ದೇ ಅಪರೂಪ.

ಕಾರಣ ಹೇಳಿಬಿಡ್ತೀನಿ. ವೈನ್ ಬೆಚ್ಚಗಾದಷ್ಟೂ ಆಲ್ಕೋಹಾಲ್ ಹೆಚ್ಚು ಆವಿಯಾಗಿ ಮೂಗಿಗೆ ಚುಚ್ಚುತ್ತೆ, ಹಣ್ಣಿನ ವಾಸನೆ ಅದರಡಿ ಮುಚ್ಚಿಹೋಗುತ್ತೆ. ತೀರಾ ತಣ್ಣಗಾದರೆ ವಾಸನೆಯೇ ಏಳಲ್ಲ, ರೆಡ್‌ನಲ್ಲಾದರೆ ಒಗರು ಮತ್ತು ಕಹಿ ಮಾತ್ರ ಎದ್ದು ಕಾಣುತ್ತೆ. ಆದರೂ ತಪ್ಪುವುದಿದ್ದರೆ ತಣ್ಣಗಿನ ಕಡೆಗೇ ತಪ್ಪಿ. ಗ್ಲಾಸಿಗೆ ಬಿದ್ದ ವೈನ್ ಕೆಲವೇ ನಿಮಿಷಕ್ಕೆ ಒಂದೊಂದು ಡಿಗ್ರಿ ತಾನೇ ಏರುತ್ತೆ. ಏರಿದ್ದನ್ನ ಮತ್ತೆ ಇಳಿಸೋದು ಕಷ್ಟ.

ಹೊಸಬ:
ಫ್ರಿಜ್‌ನಲ್ಲಿ ಎಷ್ಟು ಹೊತ್ತು? ಥರ್ಮಾಮೀಟರ್ ಎಲ್ಲರ ಹತ್ರ ಇರಲ್ಲ.

ಬಿರಡೆ:
ಫ್ರಿಜ್ 4 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ವೈಟನ್ನ ಹಿಂದಿನ ದಿನವೇ ಒಳಗಿಟ್ಟು, ಕುಡಿಯೋಕೆ 15ರಿಂದ 20 ನಿಮಿಷ ಮುಂಚೆ ಹೊರಗಿಡಿ. ರೆಡ್‌ಗೆ ಎಲ್ಲ ಕಡೆ ‘ಅರ್ಧ ಗಂಟೆ ಫ್ರಿಜ್’ ಅಂತ ಬರೆದಿರುತ್ತೆ. ಅದು 22 ಡಿಗ್ರಿಯ ಕೋಣೆಯ ಲೆಕ್ಕ. ಕೋಣೆ 28ರಿಂದ 30 ಇದ್ದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಬೇಕು.

ಅವಸರ ಇದ್ದರೆ ಅಗಲ ಪಾತ್ರೆಯಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ, ಬಾಟಲಿಯನ್ನ ಕುತ್ತಿಗೆವರೆಗೆ ಮುಳುಗಿಸಿ. ವೈಟ್‌ಗೆ 15ರಿಂದ 20 ನಿಮಿಷ, ರೆಡ್‌ಗೆ 6ರಿಂದ 8 ನಿಮಿಷ ಸಾಕು. ಬರೀ ಐಸಿನಲ್ಲಿ ನಿಲ್ಲಿಸಿದರೆ ಪ್ರಯೋಜನ ಕಡಿಮೆ, ಐಸು ಐಸಿನ ನಡುವೆ ಗಾಳಿಯೇ ತುಂಬಿರುತ್ತೆ. ನೀರು ಬಾಟಲಿಯ ಮೈಗೆಲ್ಲ ತಾಗಿ ಶಾಖ ಎಳೆದುಕೊಳ್ಳುತ್ತೆ.

ಫ್ರೀಜರ್‌ನಲ್ಲಿಟ್ಟರೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮರೆತರೆ ವೈನ್ ಹೆಪ್ಪುಗಟ್ಟಿ ಹಿಗ್ಗಿ ಬಿರಡೆಯನ್ನ ಹೊರಗೆ ತಳ್ಳುತ್ತೆ. ಸ್ಪಾರ್ಕ್ಲಿಂಗ್ ಆದರೆ ಬಾಟಲಿಯೇ ಒಡೆಯಬಹುದು, ಅದನ್ನ ಅಲ್ಲಿಗೆ ಹಾಕಲೇಬೇಡಿ.

ಮೂರನೇ ಗ್ಲಾಸು:
ಗ್ಲಾಸಿಗೇ ಐಸ್ ಹಾಕಿಕೊಂಡರೆ ಏನು ಪಾಪ ಬರುತ್ತೆ ಗುರು?

ಬಿರಡೆ:
ಪಾಪ ಏನಿಲ್ಲ, ನೀರು ಬರುತ್ತೆ. 30 ಗ್ರಾಂ ಐಸು 150 ಮಿಲಿ ವೈನಿನಲ್ಲಿ ಪೂರ್ತಿ ಕರಗಿದರೆ ಐದನೇ ಒಂದು ಪಾಲು ನೀರು ಸೇರಿದ ಹಾಗೆ. ತೆಳು ವೈಟ್ ಆದರೆ ಸಪ್ಪೆಯಾಗುತ್ತೆ. ಬದಲಿಗೆ ಬಿಡಿ ದ್ರಾಕ್ಷಿಯನ್ನ ಫ್ರೀಜ್ ಮಾಡಿಟ್ಟುಕೊಂಡು ನಾಲ್ಕೈದು ಹಾಕಿ, ತಣ್ಣಗೂ ಆಗುತ್ತೆ, ನೀರೂ ಸೇರಲ್ಲ.

ತಳದ ಮಡ್ಡಿ:
ನೀರು, ಸೋಡ ಬೆರೆಸೋದನ್ನ ಕೀಳಾಗಿ ನೋಡೋರು ವೈನಿನ ದೇಶಗಳಲ್ಲಿ ಬೇಸಿಗೆ ಹೇಗೆ ಕಳೀತಾರೆ ಅಂತ ನೋಡಿಲ್ಲ ಅಷ್ಟೇ. ಆಸ್ಟ್ರಿಯಾ, ಜರ್ಮನಿಯಲ್ಲಿ ಹುಳಿ ವೈಟಿಗೆ ಅಷ್ಟೇ ಸೋಡ ಬೆರೆಸಿದ ಸ್ಪ್ರಿಟ್ಸರ್ ದಿನನಿತ್ಯದ ಪಾನೀಯ. ಸ್ಪೇನಿನಲ್ಲಿ ರೆಡ್‌ಗೆ ನಿಂಬೆ ಸೋಡ ಸೇರಿಸಿದರೆ ಟಿಂಟೊ ದೆ ವೆರಾನೊ. ಅಲ್ಲಿನ ಬಾಸ್ಕ್ ಪ್ರಾಂತ್ಯದಲ್ಲಿ ರೆಡ್‌ಗೆ ಸಮಪಾಲು ಕೋಲಾ ಬೆರೆಸಿ ಕಲಿಮೋಚೊ ಅಂತಾರೆ. ಇವಕ್ಕೆಲ್ಲ ಹುಳಿ ಚುರುಕಾಗಿರೋ, ಓಕ್ ಇಲ್ಲದ, ಎಳೇ ವೈನ್ ತಗೊಳ್ಳಿ. ಓಕ್ ಜಾಸ್ತಿ ಇರೋದಕ್ಕೆ ಸೋಡ ಹಾಕಿದರೆ ಮರದ ಪುಡಿ ನೆನೆಸಿದ ನೀರಿನ ಥರ ಆಗುತ್ತೆ.

ಲ್ಯಾಬ್ ಕೋಟು:
ಎರಡನೇ ದೊಡ್ಡ ವಿಷಯ ಊಟದ ಜೊತೆ. ಯಾವ ಖಾದ್ಯಕ್ಕೆ ಯಾವ ದ್ರಾಕ್ಷಿ ಅನ್ನೋ ಪಟ್ಟಿ ಬಾಯಿಪಾಠ ಮಾಡೋದು ವ್ಯರ್ಥ. ನಾಲಿಗೆ ಮೇಲೆ ಏನಾಗುತ್ತೆ ಅನ್ನೋದು ತಿಳಿದರೆ ಪಟ್ಟಿ ತಾನೇ ಹುಟ್ಟುತ್ತೆ.

ಒಗರು ಬರೋದು ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕಿನ ಟ್ಯಾನಿನ್‌ನಿಂದ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಜಾರುವಿಕೆ ತೆಗೆದುಬಿಡುತ್ತೆ, ಅದಕ್ಕೇ ಬಾಯಿ ಒಣಗಿದ ಹಾಗಾಗೋದು. ಊಟದಲ್ಲಿ ಉಪ್ಪು ಇದ್ದರೆ ಈ ಒಗರು, ಕಹಿ ಎರಡೂ ತಗ್ಗುತ್ತೆ. ಜಿಡ್ಡು, ಪ್ರೋಟೀನ್ ಇದ್ದರೂ ಹಾಗೇ. ಊಟದಲ್ಲಿ ಹುಳಿ ಇದ್ದರೆ ವೈನಿನ ಹುಳಿ ಕಡಿಮೆ ಅನ್ನಿಸುತ್ತೆ. ಊಟ ಸಿಹಿಯಾಗಿದ್ದರೆ ಉಲ್ಟಾ: ಸಿಹಿಯಿಲ್ಲದ ವೈನ್ ಇನ್ನಷ್ಟು ಹುಳಿ, ಇನ್ನಷ್ಟು ತೆಳು ಅನ್ನಿಸುತ್ತೆ. ಕೇಕಿನ ಜೊತೆ ಡ್ರೈ, ಅಂದರೆ ಸಿಹಿಯಿಲ್ಲದ, ಸ್ಪಾರ್ಕ್ಲಿಂಗ್ ಕೆಟ್ಟದಾಗಿ ಕಾಣೋದು ಇದೇ ಕಾರಣಕ್ಕೆ. ಸಿಹಿತಿಂಡಿಗಿಂತ ವೈನ್ ಒಂದು ಕೈ ಹೆಚ್ಚು ಸಿಹಿ ಇರಬೇಕು.

ಖಾರ ಒಂದು ಕಿತಾಪತಿ. ಮೆಣಸಿನಕಾಯಿಯ ಉರಿಗೆ ಆಲ್ಕೋಹಾಲಿನ ಬಿಸಿ ಸೇರಿದರೆ ಎರಡೂ ಏರುತ್ತೆ. ಖಾರದ ಊಟಕ್ಕೆ 14.5% ರೆಡ್ ಬೇಡ. 8ರಿಂದ 11% ಆಲ್ಕೋಹಾಲ್ ಇರೋ, ಸ್ವಲ್ಪ ಸಿಹಿ ಉಳಿದಿರೋ ರೀಸ್ಲಿಂಗ್ ಅನ್ನೋ ವೈಟನ್ನ ಚೆನ್ನಾಗಿ ತಣ್ಣಗೆ ಮಾಡಿ ಕೊಡಿ.

ಅಣಬೆ ಬಗ್ಗೆ ಯಾರೂ ಹೇಳಲ್ಲ. ಅದರಲ್ಲಿ ಉಮಾಮಿ, ಅಂದರೆ ಮಾಂಸದ ಸಾರಿನಂಥ ರುಚಿ, ಜಾಸ್ತಿ, ಉಪ್ಪು ಇರಲ್ಲ. ಬರೀ ಉಮಾಮಿ ವೈನಿನ ಕಹಿ ಎತ್ತಿ ತೋರಿಸುತ್ತೆ. ಅಣಬೆಗೆ ಚಿಟಿಕೆ ಉಪ್ಪು, ಎರಡು ಹನಿ ನಿಂಬೆರಸ ಹಾಕಿ ಅದೇ ವೈನ್ ಮತ್ತೆ ಕುಡಿದು ನೋಡಿ. ವೈನ್ ಬದಲಾಯಿಸೋ ಬದಲು ಊಟಕ್ಕೆ ಉಪ್ಪು ಹಾಕೋದು ಯಾವಾಗಲೂ ಅಗ್ಗ.

ಒದ್ದೆ ಕಲ್ಲು:
ಹಾಗಂತ ರುಚಿ ಗುರುತಿಸೋ ಪದಗಳನ್ನ ಪೂರ್ತಿ ಗೇಲಿ ಮಾಡಬೇಡಿ. ನನ್ನ ಹೆಸರಂತೂ ಹಾಗೇ ಇದೆ! ರೀಸ್ಲಿಂಗ್ ಸ್ವಲ್ಪ ವಯಸ್ಸಾದ ಮೇಲೆ ಪೆಟ್ರೋಲಿನ ವಾಸನೆ ಬರುತ್ತೆ ಅಂದರೆ ಅದು ಕವಿತ್ವ ಅಲ್ಲ. ಟಿಡಿಎನ್ ಅನ್ನೋ ಸಂಯುಕ್ತ ನಿಜಕ್ಕೂ ಅದರಲ್ಲಿರುತ್ತೆ. ಶಿರಾಜ್‌ನ ಕರಿಮೆಣಸಿನ ಘಾಟಿಗೆ ರೊಟುಂಡೋನ್ ಕಾರಣ, ಕರಿಮೆಣಸಲ್ಲೂ ಅದೇ ಇರೋದು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ವಾಸನೆಗಳ ಚಕ್ರ ರೂಪಿಸಿದ್ದೇ, ‘ಸೊಗಸಾದ’, ‘ಉದಾತ್ತ’ ಥರದ ಏನೂ ಹೇಳದ ಮಾತುಗಳನ್ನ ಬಿಟ್ಟು ಎಲ್ಲರೂ ಗುರುತು ಹಿಡಿಯಬಹುದಾದ ವಾಸನೆಗಳ ಹೆಸರು ಬಳಸಲಿ ಅಂತ.

ಲ್ಯಾಬ್ ಕೋಟು:
ಒಪ್ಪಿದೆ ಸರ್, ಆದರೆ ಮೂಗು ಕಣ್ಣಿನ ಮಾತು ಕೇಳುತ್ತೆ ಅನ್ನೋದನ್ನೂ ಜೊತೆಗೆ ಹೇಳಬೇಕು. ಫ್ರಾನ್ಸಿನ ಬೋರ್ಡೋದಲ್ಲಿ ಮೊರೊ, ಬ್ರೋಶೆ, ದ್ಯೂಬುರ್ದ್ಯೂ ಅನ್ನೋ ಸಂಶೋಧಕರು ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ವೈಟ್ ವೈನನ್ನ 54 ಮಂದಿಗೆ ಕೊಟ್ಟರು. ವೈನ್ ಓದುತ್ತಿದ್ದವರೇ ಅದನ್ನ ರೆಡ್ ವೈನಿನ ಪದಗಳಲ್ಲಿ ವರ್ಣಿಸಿದರು. ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್‌ನ ವೈನ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯಿಂದ ಸುರಿದ ವೈನನ್ನ ತೀರ್ಪುಗಾರರಿಗೆ ಗೊತ್ತಾಗದ ಹಾಗೆ ಮೂರು ಸಲ ಕೊಟ್ಟು ನೋಡಿ 2008ರಲ್ಲಿ ಬರೆದರು: ಹೆಚ್ಚಿನವರ ಅಂಕ ಸಲ ಸಲಕ್ಕೂ ಬೇರೆ. 92 ಅಂಕ, 88 ಅಂಕ ಅಂತ ಚೀಟಿ ಅಂಟಿಸಿದ್ದಕ್ಕೆ ಹೆದರಬೇಕಾಗಿಲ್ಲ ಅನ್ನೋಕೆ ಇಷ್ಟು ಹೇಳಿದೆ. ತೀರ್ಪುಗಾರರನ್ನ ಮೂರ್ಖರು ಅನ್ನೋಕಲ್ಲ.

ಒದ್ದೆ ಕಲ್ಲು:
ಸರಿ, ಅದಕ್ಕೆ ತಕರಾರಿಲ್ಲ. ಆದರೆ 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ರುಚಿಪರೀಕ್ಷೆಯೂ ಲೇಬಲ್ ಮುಚ್ಚಿಟ್ಟು ನಡೆದದ್ದೇ. ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ಕ್ಯಾಬರ್ನೆ, ಶಾತೋ ಮಾಂಟೆಲೆನಾ ಶಾರ್ಡೊನೆಗಳನ್ನ ಫ್ರೆಂಚ್ ವೈನುಗಳಿಗಿಂತ ಮೇಲಿಟ್ಟರು. ಲೇಬಲ್ ಮುಚ್ಚಿದರೆ ಜಂಬ ಕಳಚುತ್ತೆ. ಹೊಸಬರಿಗೂ ಅದೇ ಒಳ್ಳೇ ಆಟ: ಮೂರು ಬಾಟಲಿ, ಕಾಗದದ ಚೀಲ, ಮೂರು ಗ್ಲಾಸು. ಮೂರರಲ್ಲಿ ಒಂದೇ ವ್ಯತ್ಯಾಸ ಇರಲಿ. ಉದಾಹರಣೆಗೆ ಓಕ್ ಕಂಡ ಶಾರ್ಡೊನೆ, ಓಕ್ ಕಾಣದ ಶಾರ್ಡೊನೆ, ಮತ್ತೆ ಈ ಎರಡರಲ್ಲೊಂದು ಇನ್ನೊಮ್ಮೆ. ಜೋಡಿ ಯಾವುದು ಅಂತ ಕಂಡುಹಿಡಿಯಬೇಕು. ತಲಾ 50 ಮಿಲಿ ಸಾಕು.

ಹೊಸಬ:
ವಾಸನೆ ಪದಗಳು ಆಮೇಲೆ ನೋಡೋಣ. ಅಂಗಡಿಯಲ್ಲೋ ಹೋಟೆಲಲ್ಲೋ ‘ಎಂಥದ್ದು ಬೇಕು’ ಅಂದರೆ ಏನು ಹೇಳೋದು?

ಟೇಬಲ್ 7:
ನಾಲ್ಕು ವಿಷಯ ಹೇಳಿದರೆ ಬಡಿಸೋರಿಗೆ ಸಾಕು: ಹುಳಿ ಎಷ್ಟಿರಲಿ, ಒಗರು ಎಷ್ಟಿರಲಿ, ಸಿಹಿ ಬೇಕೋ ಬೇಡವೋ, ಗಟ್ಟಿಯೋ ತೆಳುವೋ. ಅದರ ಜೊತೆ ಎಷ್ಟು ಖರ್ಚು ಮಾಡಬೇಕು ಅಂತಿದ್ದೀರಿ ಅನ್ನೋದನ್ನ ಪಟ್ಟಿಯಲ್ಲಿ ಬೆಲೆ ಮೇಲೆ ಬೆರಳಿಟ್ಟು ‘ಈ ಸುಮಾರಿನಲ್ಲಿ’ ಅಂದುಬಿಡಿ. ‘ಡ್ರೈ ಬೇಕು’ ಅಂತ ಹೇಳಿ ಹಣ್ಣಿನ ಸಿಹಿ ಬಯಸೋರು ಬಹಳ. ಹಾಗಾಗಿ ಮೊದಲು ಇಷ್ಟಪಟ್ಟ ಒಂದು ವೈನಿನ ಹೆಸರು ಹೇಳೋದು ಎಲ್ಲಕ್ಕಿಂತ ಸುಲಭ.

ಈ ನಾಲ್ಕನ್ನ ನಾಲಿಗೆಗೆ ಪರಿಚಯ ಮಾಡಿಸೋಕೆ ವೈನೇ ಬೇಡ. 200 ಮಿಲಿ ನೀರಿಗೆ ಒಂದು ಟೀ ಚಮಚ ನಿಂಬೆರಸ ಹಾಕಿ ಕುಡಿದು, ನಾಲಿಗೆಯ ಪಕ್ಕದಲ್ಲಿ ನೀರೂರೋದನ್ನ ಗಮನಿಸಿ. ಅದು ಹುಳಿ. ಹಾಲು ಹಾಕದ ಟೀಯನ್ನ 10 ನಿಮಿಷ ಬಿಟ್ಟು ಆರಿಸಿ ಕುಡಿದರೆ ಒಸಡು ಒಣಗುತ್ತಲ್ಲ, ಅದು ಒಗರು. ಗಟ್ಟಿ, ತೆಳು ಅನ್ನೋದು ಕೆನೆ ತೆಗೆದ ಹಾಲಿಗೂ ಕೆನೆ ಹಾಲಿಗೂ ಇರೋ ವ್ಯತ್ಯಾಸ. ಇನ್ನು ಸಿಹಿ: 200 ಮಿಲಿ ನೀರಿಗೆ ಅರ್ಧ ಟೀ ಚಮಚ ಸಕ್ಕರೆ ಹಾಕಿದರೆ ಲೀಟರಿಗೆ ಸುಮಾರು 10 ಗ್ರಾಂ ಆಯಿತು. ಸಿಹಿ ಗೊತ್ತಾಗುತ್ತೆ. ಅದಕ್ಕೇ ಒಂದು ಚಮಚ ನಿಂಬೆರಸ ಸೇರಿಸಿ, ಸಿಹಿ ಎಲ್ಲೋ ಅಡಗಿಬಿಡುತ್ತೆ. ಸ್ಪಾರ್ಕ್ಲಿಂಗ್ ಬಾಟಲಿಯ ಮೇಲೆ ‘ಬ್ರೂಟ್’ ಅಂದರೆ ಹೆಚ್ಚುಕಮ್ಮಿ ಇದೇ.

ತಳದ ಮಡ್ಡಿ:
ಲೇಬಲ್ಲಿನ ದೊಡ್ಡ ಮೋಸ ಅಲ್ಲೇ ಇರೋದು. ಸ್ಪಾರ್ಕ್ಲಿಂಗ್‌ನಲ್ಲಿ ‘ಎಕ್ಸ್‌ಟ್ರಾ ಡ್ರೈ’ ಅನ್ನೋದು ಬ್ರೂಟ್‌ಗಿಂತ ಸಿಹಿ. ಯುರೋಪಿನ ನಿಯಮದಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಬ್ರೂಟ್, 12ರಿಂದ 17 ಇದ್ದರೆ ಎಕ್ಸ್‌ಟ್ರಾ ಡ್ರೈ, 17ರಿಂದ 32 ಇದ್ದರೆ ಸೆಕ್ ಅಥವಾ ಡ್ರೈ, 32ರಿಂದ 50 ಇದ್ದರೆ ಡೆಮಿ ಸೆಕ್. ‘ಡ್ರೈ’ ಅಂತ ಓದಿ ಕೊಂಡು ಸಿಹಿ ಬಂತು ಅಂತ ಗೊಣಗೋರ ತಪ್ಪಲ್ಲ ಅದು.

‘ರಿಸರ್ವಾ’ ಅನ್ನೋದಕ್ಕೆ ಸ್ಪೇನಿನಲ್ಲಿ ಕಾನೂನಿನ ಅರ್ಥ ಇದೆ: ರೆಡ್ ಆದರೆ ಒಟ್ಟು 36 ತಿಂಗಳು ಮಾಗಿರಬೇಕು, ಅದರಲ್ಲಿ ಕನಿಷ್ಠ 12 ತಿಂಗಳು ಓಕಿನಲ್ಲಿ. ಅಮೆರಿಕದ ಲೇಬಲ್ಲಿನಲ್ಲಿ ‘ರಿಸರ್ವ್’ ಅಂತಿದ್ದರೆ ಅದು ಬರೀ ಶಾಯಿ. ಬಾಟಲಿಯ ಬುಡದ ಗುಳಿ ಆಳವಾಗಿದ್ದರೆ ವೈನ್ ಒಳ್ಳೇದು, ಬಾಟಲಿ ಭಾರ ಇದ್ದರೆ ಒಳ್ಳೇದು ಅನ್ನೋದೂ ಹಾಗೇ. ಗ್ಲಾಸಿನ ಗೋಡೆ ಮೇಲೆ ಇಳಿಯೋ ಹನಿಗಳನ್ನ ನೋಡಿ ತಲೆದೂಗೋರನ್ನೂ ಕಂಡಿರ್ತೀರಿ. ಅಂಚಿನಲ್ಲಿ ಆಲ್ಕೋಹಾಲ್ ಬೇಗ ಆವಿಯಾಗಿ ಮೇಲ್ಮೈ ಸೆಳೆತ ಹೆಚ್ಚಿದಾಗ ದ್ರವ ಮೇಲೇರಿ ಹನಿಯಾಗಿ ಇಳಿಯುತ್ತೆ. ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ ಭೌತಶಾಸ್ತ್ರ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೂರನೇ ಗ್ಲಾಸು:
ತಿರುಪು ಮುಚ್ಚಳ ಇದ್ದರೆ ಕಳಪೆ ಅಂತಾರಲ್ಲ?

ತಳದ ಮಡ್ಡಿ:
ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರು 2000ದಲ್ಲಿ ಒಟ್ಟಾಗಿ ಕಾರ್ಕ್ ಬಿಟ್ಟು ತಿರುಪು ಮುಚ್ಚಳಕ್ಕೆ ಹೋದದ್ದು ತಮ್ಮ ಒಳ್ಳೇ ವೈನುಗಳಿಗೇ. ಹಾಳು ಕಾರ್ಕಿನಿಂದ ಬಾಟಲಿ ಕೆಡೋದು ಸಾಕಾಗಿತ್ತು. ತೆರೆಯೋಕೆ ಒಂದು ಉಪಾಯ: ಮುಚ್ಚಳದ ಕೆಳಗಿನ ಉದ್ದ ಪಟ್ಟಿಯನ್ನ ಗಟ್ಟಿಯಾಗಿ ಹಿಡಿದು ಬಾಟಲಿ ತಿರುಗಿಸಿ. ಬರೀ ಮುಚ್ಚಳ ಹಿಡಿದರೆ ಜಾರುತ್ತೆ.

ಹೊಸಬ:
ಕಾರ್ಕ್ ತೆಗೆಯೋದನ್ನೂ ಹೇಳಿಬಿಡಿ. ಅರ್ಧದಲ್ಲಿ ಮುರಿಯೋದು ಯಾಕೆ?

ಟೇಬಲ್ 7:
ಕಾರ್ಕ್‌ಸ್ಕ್ರೂನ ಸುರುಳಿ ಓರೆಯಾಗಿ ಹೋದರೆ, ಇಲ್ಲವೇ ಸಾಲದಷ್ಟು ಇಳಿದಿದ್ದರೆ ಮುರಿಯುತ್ತೆ. ಎರಡು ಮೆಟ್ಟಿಲಿನ ಮಡಚೋ ಕಾರ್ಕ್‌ಸ್ಕ್ರೂ ತಗೊಳ್ಳಿ. ಮೊದಲು ಬಾಟಲಿ ಬಾಯಿಯ ಕೆಳಗಿನ ಉಬ್ಬಿನ ಅಡಿಯಲ್ಲಿ, ಕಾರ್ಕ್ ಮುಚ್ಚಿರೋ ಹಾಳೆ ಕೊಯ್ದು ತೆಗೆಯಿರಿ. ಮೊನೆಯನ್ನ ನಡುವಿನಿಂದ ಒಂದು ಕೂದಲೆಳೆ ಪಕ್ಕಕ್ಕೆ ಚುಚ್ಚಿ, ಆಗ ಸುರುಳಿ ನಡುವಿಗೆ ಕೂರುತ್ತೆ. ಒಂದು ಸುತ್ತು ಮಾತ್ರ ಹೊರಗುಳಿಯೋವರೆಗೆ ತಿರುಗಿಸಿ. ಮೊದಲ ಮೆಟ್ಟಿಲು ಬಾಯಿಗೆ ಕಚ್ಚಿಸಿ ಎತ್ತಿ, ಆಮೇಲೆ ಎರಡನೇದು. ಕೊನೆಯ ಸೆಂಟಿಮೀಟರ್ ಕೈಯಿಂದ ಆಚೀಚೆ ಅಲ್ಲಾಡಿಸಿ ತೆಗೆಯಿರಿ. ಮುರಿದರೆ ಉಳಿದದ್ದಕ್ಕೆ ಸುರುಳಿಯನ್ನ ಓರೆಯಾಗಿ ಹೊಗಿಸಿ. ಅದೂ ಆಗದಿದ್ದರೆ ಒಳಗೆ ತಳ್ಳಿ ಟೀ ಸೋಸೋ ಜರಡಿಯಲ್ಲಿ ಸೋಸಿ, ಕಾರ್ಕಿನ ಚೂರು ವಿಷವಲ್ಲ.

ಸ್ಪಾರ್ಕ್ಲಿಂಗ್‌ನಲ್ಲಿ ಮಾತ್ರ ಉದಾಸೀನ ಬೇಡ. ಶಾಂಪೇನ್ ಬಾಟಲಿಯೊಳಗೆ 5ರಿಂದ 6 ವಾತಾವರಣದಷ್ಟು ಒತ್ತಡ ಇರುತ್ತೆ. ಚೆನ್ನಾಗಿ ತಣ್ಣಗೆ ಮಾಡಿ, 45 ಡಿಗ್ರಿ ಓರೆ ಹಿಡಿದು, ತಂತಿ ಸಡಿಲಿಸೋ ಕ್ಷಣದಿಂದಲೇ ಹೆಬ್ಬೆರಳು ಕಾರ್ಕಿನ ಮೇಲೆ ಒತ್ತಿರಲಿ. ಬಾಯಿ ಯಾರ ಮುಖದ ಕಡೆಗೂ ಇರಬಾರದು. ಕಾರ್ಕನ್ನ ಬಿಗಿ ಹಿಡಿದು ಬಾಟಲಿಯನ್ನ ತಿರುಗಿಸಿ. ‘ಟಪ್’ ಅನ್ನದೆ ‘ಉಸ್’ ಅನ್ನಬೇಕು.

ಹೊಸಬ:
ಹೋಟೆಲಲ್ಲಿ ಒಂದು ಗುಟುಕು ಸುರಿದು ಮುಖ ನೋಡ್ತಾ ನಿಲ್ತಾರಲ್ಲ, ಆಗ?

ಟೇಬಲ್ 7:
ಅದು ಪರೀಕ್ಷೆ, ನಿಮಗಲ್ಲ, ಬಾಟಲಿಗೆ. ಲೇಬಲ್ ನೀವು ಕೇಳಿದ್ದೇ, ಇಸವಿ ಅದೇ ಅಂತ ನೋಡಿ. ಕಾರ್ಕ್ ಮೂಸಬೇಕಾಗಿಲ್ಲ, ಪಕ್ಕಕ್ಕಿಡಿ. ಗ್ಲಾಸನ್ನ ಮೇಜಿನ ಮೇಲೇ ಇಟ್ಟು ಎರಡು ಸುತ್ತು ತಿರುಗಿಸಿ ಮೂಸಿ. ವೈನ್ ಕೆಟ್ಟಿದೆಯೋ, ಸಾಕಷ್ಟು ತಣ್ಣಗಿದೆಯೋ, ಇಷ್ಟೇ ನೋಡಬೇಕಾದ್ದು. ‘ಸರಿ ಇದೆ’ ಅಂದರೆ ಮುಗಿಯಿತು. ರೆಡ್ ಬೆಚ್ಚಗಿದ್ದರೆ ಐಸ್ ನೀರಿನಲ್ಲಿ ಹತ್ತು ನಿಮಿಷ ಇಡಿ ಅಂತ ಹೇಳೋಕೆ ನಾಚಿಕೆ ಬೇಡ. ಕೆಟ್ಟಿದೆ ಅಂತ ಅನುಮಾನ ಬಂದರೆ ‘ನೀವೂ ಒಮ್ಮೆ ಮೂಸಿ ನೋಡಿ’ ಅನ್ನಿ, ಜಗಳವೇ ಆಗಲ್ಲ.

ಮೂರನೇ ಗ್ಲಾಸು:
ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ?

ಲ್ಯಾಬ್ ಕೋಟು:
ನೆನೆದ ರಟ್ಟು, ಒದ್ದೆ ಹಳೇ ಪೇಪರ್ ವಾಸನೆ ಬಂದು ಹಣ್ಣಿನ ವಾಸನೆ ಸತ್ತಿದ್ದರೆ ಅದು ಕಾರ್ಕಿನ ದೋಷ. ಟಿಸಿಎ ಅನ್ನೋ ವಸ್ತು, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತೆ. ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ಗಾಳಿಗಿಟ್ಟರೆ ಹೋಗಲ್ಲ. ಕೊಳೆತ ಮೊಟ್ಟೆ ಅಥವಾ ಗೀಚಿದ ಬೆಂಕಿಕಡ್ಡಿಯ ವಾಸನೆ ಬೇರೆ ಕಥೆ. ಅದು ಗಂಧಕದ್ದು, ಜೋರಾಗಿ ತಿರುಗಿಸಿ ಹತ್ತು ನಿಮಿಷ ಬಿಟ್ಟರೆ ಎಷ್ಟೋ ಸಲ ಹೋಗಿಬಿಡುತ್ತೆ, ಅವಸರಪಟ್ಟು ವಾಪಸ್ ಕಳಿಸಬೇಡಿ. ಜಜ್ಜಿದ ಸೇಬಿನ ವಾಸನೆ, ಕಂದು ಬಣ್ಣ ಇದ್ದರೆ ಗಾಳಿ ತಾಗಿದೆ. ನೇಲ್ ಪಾಲಿಶ್, ವಿನಿಗರ್ ವಾಸನೆಗೆ ಬ್ಯಾಕ್ಟೀರಿಯಾ ಕಾರಣ. ಕಾರ್ಕ್ ಹೊರಗೆ ಉಬ್ಬಿ, ರುಚಿ ಬೇಯಿಸಿದ ಹಣ್ಣಿನ ಥರ ಇದ್ದರೆ ಬಾಟಲಿ ಎಲ್ಲೋ ಬಿಸಿಲು ಕಂಡಿದೆ.

ಗ್ಲಾಸನ್ನೂ ಅನುಮಾನಿಸಿ. ಬೋರಲು ಹಾಕಿ ಬೀರುವಿನಲ್ಲಿಟ್ಟ ಗ್ಲಾಸಿನೊಳಗೆ ಮರದ, ರಟ್ಟಿನ ವಾಸನೆ ಹಿಡಿದಿರುತ್ತೆ. ಖಾಲಿ ಗ್ಲಾಸು ಮೂಸಿ ನೋಡಿ, ಬಿಸಿನೀರಿನಲ್ಲಿ ಜಾಲಾಡಿಸಿ. ಸೋಪಿನ ಅಂಶ ಉಳಿದಿದ್ದರೆ ಸ್ಪಾರ್ಕ್ಲಿಂಗ್‌ನ ಗುಳ್ಳೆಯೂ ಸಾಯುತ್ತೆ.

ಹೊಸಬ:
ಗ್ಲಾಸು ಎಷ್ಟು ಥರದ್ದು ಬೇಕು?

ಒದ್ದೆ ಕಲ್ಲು:
ಒಂದು. ಹೊಟ್ಟೆ ಅಗಲ, ಬಾಯಿ ಕಿರಿದು, 350ರಿಂದ 400 ಮಿಲಿ. ಮೂರನೇ ಒಂದು ಭಾಗ ಮಾತ್ರ ತುಂಬಿ, ಮಿಕ್ಕ ಜಾಗ ವಾಸನೆಗೆ. ಕಾಲಿಲ್ಲದ್ದಾದರೂ ನಡೆಯುತ್ತೆ, ಅಂಗೈ ಶಾಖಕ್ಕೆ ಬೇಗ ಬೆಚ್ಚಗಾಗುತ್ತೆ ಅಷ್ಟೇ.

ಹೊಸಬ:
ಒಬ್ಬರೇ ಇರೋ ಮನೆಗೆ 750 ಮಿಲಿ ಜಾಸ್ತಿ. ಉಳಿದದ್ದು ಎಷ್ಟು ದಿನ ಇರುತ್ತೆ?

ಬಿರಡೆ:
ಬಿರಡೆ ಹಾಕಿ, ನಿಲ್ಲಿಸಿ, ಫ್ರಿಜ್‌ನಲ್ಲಿಡಿ. ರೆಡ್ ಕೂಡ ಫ್ರಿಜ್‌ಗೇ. ವೈಟ್, ರೆಡ್ ಮೂರರಿಂದ ಐದು ದಿನ, ಸ್ಪಾರ್ಕ್ಲಿಂಗ್ ಕಚ್ಚೋ ಮುಚ್ಚಳ ಹಾಕಿದರೆ ಒಂದರಿಂದ ಮೂರು ದಿನ. ಬಾಟಲಿ ಬಾಯಿಗೆ ಚಮಚ ಸಿಕ್ಕಿಸೋದರಿಂದ ಏನೂ ಆಗಲ್ಲ. ಎಲ್ಲಕ್ಕಿಂತ ಒಳ್ಳೇ ಉಪಾಯ: ತೆರೆದ ತಕ್ಷಣವೇ ಅರ್ಧವನ್ನ 375 ಮಿಲಿಯ ಶುಚಿಯಾದ ಬಾಟಲಿಗೆ ಕಂಠಮಟ್ಟ ತುಂಬಿ ಮುಚ್ಚಿಡಿ. ಒಳಗೆ ಗಾಳಿ ಇಲ್ಲದ್ದರಿಂದ ಒಂದು ವಾರ ಆರಾಮ.

ದಿನಾ ಒಂದೇ ಗ್ಲಾಸು ಅನ್ನೋರಿಗೆ ರಟ್ಟಿನ ಡಬ್ಬದೊಳಗಿನ ಚೀಲದಲ್ಲಿ ಬರೋ ವೈನ್ ಸರಿ. 3 ಲೀಟರ್ ಅಂದರೆ ನಾಲ್ಕು ಬಾಟಲಿ. ಸುರಿದಂತೆಲ್ಲ ಒಳಚೀಲ ಕುಗ್ಗೋದರಿಂದ ಗಾಳಿ ಹೋಗಲ್ಲ, ತೆರೆದ ಮೇಲೂ 4ರಿಂದ 6 ವಾರ ಇರುತ್ತೆ. ಆದರೆ ತೆರೆಯದೆ ವರ್ಷಗಟ್ಟಲೆ ಇಡಬೇಡಿ, ಪ್ಲಾಸ್ಟಿಕ್ ನಿಧಾನವಾಗಿ ಗಾಳಿ ಬಿಡುತ್ತೆ. ಪ್ಯಾಕ್ ಮಾಡಿದ ತಾರೀಕು ನೋಡಿ ಕೊಳ್ಳಿ.

ಮೂರನೇ ಗ್ಲಾಸು:
ರೆಡ್ ಕುಡಿದರೆ ತಲೆನೋವು, ಅದು ವೈನ್ ಕೆಡದಿರಲಿ ಅಂತ ಹಾಕೋ ಸಲ್ಫೈಟಿಂದ ತಾನೇ?

ಲ್ಯಾಬ್ ಕೋಟು:
ಬಹುಮಟ್ಟಿಗೆ ಅಲ್ಲ. ಯುರೋಪಿನಲ್ಲಿ ಡ್ರೈ ರೆಡ್‌ಗೆ ಲೀಟರಿಗೆ 150 ಮಿಲಿಗ್ರಾಂ ಮಿತಿ, ಡ್ರೈ ವೈಟ್‌ಗೆ 200. ವೈಟ್‌ನಲ್ಲೇ ಹೆಚ್ಚಿರಬಹುದಾದಾಗ ರೆಡ್ ಒಂದನ್ನೇ ದೂರೋದು ಹೊಂದಲ್ಲ. ಅಸ್ತಮಾ ಇರೋ ಕೆಲವರಿಗೆ ಮಾತ್ರ ಸಲ್ಫೈಟ್ ನಿಜವಾದ ತೊಂದರೆ, ಅವರು ವೈದ್ಯರ ಮಾತು ಕೇಳಬೇಕು. ಡೇವಿಸ್‌ನ ಸಂಶೋಧಕರು 2023ರಲ್ಲಿ ದ್ರಾಕ್ಷಿ ಸಿಪ್ಪೆಯ ಕ್ವರ್ಸೆಟಿನ್ ಅನ್ನೋ ವಸ್ತುವಿನ ಕಡೆ ಬೆರಳು ತೋರಿಸಿದ್ದಾರೆ: ಆಲ್ಕೋಹಾಲ್‌ನಿಂದ ದೇಹದಲ್ಲಾಗೋ ಅಸಿಟಾಲ್ಡಿಹೈಡ್ ಅನ್ನೋ ವಿಷವನ್ನ ಒಡೆಯೋ ಕಿಣ್ವವನ್ನ, ಕ್ವರ್ಸೆಟಿನ್‌ನಿಂದ ದೇಹದಲ್ಲಿ ಹುಟ್ಟೋ ವಸ್ತು ತಡೆಯುತ್ತೆ ಅನ್ನೋ ವಾದ. ಅದು ಇನ್ನೂ ಊಹೆಯ ಹಂತದಲ್ಲಿದೆ.

ಅದಕ್ಕಿಂತ ಮೊದಲು ಶೇಕಡಾ ಲೆಕ್ಕ ನೋಡಿ. 150 ಮಿಲಿ ಗ್ಲಾಸಿನಲ್ಲಿ 12% ಆದರೆ ಆಲ್ಕೋಹಾಲ್ ಸುಮಾರು 14 ಗ್ರಾಂ, 15% ಆದರೆ ಸುಮಾರು 18 ಗ್ರಾಂ. ಅದೇ ಗ್ಲಾಸು, ಕಾಲು ಪಾಲು ಹೆಚ್ಚು. ಒಂದೊಂದು ಗ್ಲಾಸಿಗೂ ಅಷ್ಟೇ ನೀರು ಕುಡಿಯಿರಿ, ಖಾಲಿ ಹೊಟ್ಟೆ ಬೇಡ. ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಮೊದಲು ವೈದ್ಯರನ್ನ ಕೇಳಿ. ಮೂರೂ ಪಾಲಿಸಿ, ಆದರೂ ನೋವು ಬಂದರೆ ರೆಡ್ ಬಿಟ್ಟುಬಿಡಿ, ಯಾರೂ ಬಲವಂತ ಮಾಡಿಲ್ಲ.

ಹೊಸಬ:
ಕೊನೇ ಪ್ರಶ್ನೆ. ಒಂದು ಗಂಟೆ ಮೊದಲೇ ಕಾರ್ಕ್ ತೆಗೆದಿಟ್ಟು ‘ಉಸಿರಾಡಿಸಬೇಕು’ ಅಂತಾರೆ. ವೈಟ್ ಬಾಟಲಿಯ ತಳದಲ್ಲಿ ಗಾಜಿನ ಚೂರಿನ ಥರ ಕಾಣೋದು ಏನು?

ಬಿರಡೆ:
ಬಾಟಲಿಯ ಕುತ್ತಿಗೆಯಲ್ಲಿ ಗಾಳಿ ತಾಗೋ ಜಾಗ ಒಂದು ನಾಣ್ಯದಷ್ಟೇ. ಕಾರ್ಕ್ ತೆಗೆದು ಸುಮ್ಮನಿಟ್ಟರೆ ಏನೂ ಆಗಲ್ಲ. ಎಳೇ ಒಗರು ರೆಡ್ ಆದರೆ ಅಗಲ ಬಾಯಿಯ ಜಗ್ಗಿಗೆ ಎತ್ತರದಿಂದ ಸುರಿದು ಅರ್ಧ ಗಂಟೆ ಬಿಡಿ, ಯಾವ ಜಗ್ಗಾದರೂ ಆದೀತು. ತುಂಬ ಹಳೇ ವೈನಿಗೆ ಹಾಗೆ ಮಾಡಬೇಡಿ, ಉಳಿದಿರೋ ವಾಸನೆಯೂ ಹಾರಿಹೋಗುತ್ತೆ. ಅದನ್ನ ಮಡ್ಡಿ ಬಿಟ್ಟು ಮೆಲ್ಲಗೆ ಬಗ್ಗಿಸಿ ಆಗಲೇ ಕುಡಿಯಬೇಕು.

ತಳದ ಮಡ್ಡಿ:
ಚೂರಿನ ಥರ ಕಾಣೋದು ಟಾರ್ಟ್ರೇಟ್ ಹರಳು. ದ್ರಾಕ್ಷಿಯ ಹುಳಿಯೇ ತಣ್ಣಗಾದಾಗ ಪೊಟ್ಯಾಸಿಯಂ ಜೊತೆ ಸೇರಿ ಗಟ್ಟಿಯಾಗಿರುತ್ತೆ. ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತೆ, ಬಿಸಿನೀರಿಗೆ ಹಾಕಿದರೆ ಕರಗುತ್ತೆ, ಗಾಜು ಎರಡೂ ಆಗಲ್ಲ. ಬಾಟಲಿಯನ್ನ ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ, ಕೊನೆಯ ಒಂದು ಗುಟುಕು ಬಾಟಲಿಯಲ್ಲೇ ಬಿಡಿ.